‘ಮಗು ಅಮ್ಮನನ್ನು ಕೇಳುವುದೇ ಇಲ್ಲ, ಮೇಡಂ’

ಗುರುತು ಸಿಗದಂತೆ ಹೆಸರು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿ, ದಂಪತಿಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ತಾಯಿಯನ್ನು ವೀಣಾ ಎಂದೂ ತಂದೆಯನ್ನು ಪ್ರಸನ್ನ ಎಂದೂ ಕರೆಯುತ್ತೇನೆ. ಶಿವಮೊಗ್ಗದಲ್ಲಿ ಬಾಡಿಗೆ ಮನೆ. ವೀಣಾ ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕಿ, ಪ್ರಸನ್ನ ಕೇಂದ್ರ ಸರ್ಕಾರಿ ನೌಕರ. ಮಗಳು ಅನನ್ಯಾಗೆ ಆಗ ಆರು ವರ್ಷ, ಒಂದನೇ ತರಗತಿ. ಮಗ ಚಿನ್ಮಯನಿಗೆ ಎರಡು ವರ್ಷ ಮೂರು ತಿಂಗಳು. ರಾತ್ರಿ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ.

ವೀಣಾ ಅವರಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಪ್ರವೇಶ ಸಿಕ್ಕಿತ್ತು. ಶುಲ್ಕದ ಒಂದು ಭಾಗವನ್ನು ವಿಶ್ವವಿದ್ಯಾಲಯವೇ ಮನ್ನಾ ಮಾಡಿತ್ತು, ಉಳಿದದ್ದಕ್ಕೆ ಬ್ಯಾಂಕಿನ ಶಿಕ್ಷಣ ಸಾಲ. ಸೆಪ್ಟೆಂಬರ್ ಕೊನೆಗೆ ಹೊರಡಬೇಕಿತ್ತು. “ಮಕ್ಕಳನ್ನೂ ಕರೆದುಕೊಂಡು ಹೋಗಬಾರದೇ?” ಎಂದು ನೆಂಟರಿಷ್ಟರು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಕರೆದುಕೊಂಡು ಹೋಗುವಂತಿರಲಿಲ್ಲ. 2024ರ ಜನವರಿ 1ರಿಂದ ಈಚೆಗೆ ಶುರುವಾಗುವ ಕೋರ್ಸುಗಳಿಗೆ ಬ್ರಿಟನ್ ನಿಯಮ ಬದಲಿಸಿದೆ. ಸಂಶೋಧನಾ ಪದವಿಗೆ ಹೋಗುವವರು ಮತ್ತು ಸರ್ಕಾರದ ವಿದ್ಯಾರ್ಥಿವೇತನ ಪಡೆದವರನ್ನು ಬಿಟ್ಟರೆ ಬೇರೆ ವಿದ್ಯಾರ್ಥಿಗಳು ಸಂಗಾತಿಯನ್ನಾಗಲಿ ಮಕ್ಕಳನ್ನಾಗಲಿ ಅವಲಂಬಿತರ ವೀಸಾದಲ್ಲಿ ಜೊತೆಗಿಟ್ಟುಕೊಳ್ಳುವಂತಿಲ್ಲ. ಹಿಂದಿನ ವರ್ಷ ಇಂಥದೇ ಕೋರ್ಸಿಗೆ ಹೋದ ಅವರ ಸಹೋದ್ಯೋಗಿ ಗಂಡನನ್ನೂ ಮಗುವನ್ನೂ ಕರೆದುಕೊಂಡೇ ಹೋಗಿದ್ದರು.

ಮೊದಲ ಭೇಟಿಗೆ ಪ್ರಸನ್ನ ಅವರ ತಾಯಿಯೂ ಬಂದಿದ್ದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು, ಮಾತು ನೇರ. ಕುಳಿತವರೇ ಕೇಳಿದರು: “ಹೆತ್ತ ತಾಯಿ ಎರಡು ವರ್ಷದ ಕೂಸನ್ನು ಬಿಟ್ಟು ಹೋಗುವುದು ಸರಿಯೋ ತಪ್ಪೋ, ನೀವೇ ಹೇಳಿಬಿಡಿ.” ವೀಣಾ ತಲೆ ತಗ್ಗಿಸಿದರು. ತೀರ್ಪು ಕೊಡುವುದು ನನ್ನ ಕೆಲಸವಲ್ಲ ಎಂದು ಹೇಳಿ, ಮನೆಯಲ್ಲಿ ಬೇರೆ ಯಾರಾದರೂ ಹೊರದೇಶದಲ್ಲಿ ಇದ್ದಾರೆಯೇ ಎಂದು ವಿಚಾರಿಸಿದೆ. ಇದ್ದರು. ಕಿರಿಯ ಮಗ ಮಸ್ಕತ್‌ನಲ್ಲಿ. ಹೆಂಡತಿ ಮತ್ತು ಇಬ್ಬರು ಮಕ್ಕಳು ಊರಿನಲ್ಲಿ, ವರ್ಷಕ್ಕೊಮ್ಮೆ ಬಂದುಹೋಗುತ್ತಾನೆ. “ಅವನು ಹೋದಾಗ ಸರಿಯೋ ತಪ್ಪೋ ಎಂದು ಯಾರನ್ನಾದರೂ ಕೇಳಿದ್ದಿರಾ?” ಎಂದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ, ಅದು ತಲೆಗೇ ಬರಲಿಲ್ಲ” ಎಂದರು. ನೆಪ ಹೇಳದೆ ಹಾಗೆ ಒಪ್ಪಿಕೊಳ್ಳುವವರು ನನ್ನ ಕೊಠಡಿಯಲ್ಲಿ ಕಡಿಮೆ. ಮುಂದಿನ ಒಂದು ವರ್ಷ ಈ ಸಂಸಾರವನ್ನು ಎತ್ತಿ ಹಿಡಿದವರಲ್ಲಿ ಅವರೂ ಒಬ್ಬರು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಹೋಗುವುದನ್ನು ದಂಪತಿ ಆಗಲೇ ತೀರ್ಮಾನಿಸಿಯಾಗಿತ್ತು. ನಾನು ನೋಡಬೇಕಾಗಿದ್ದದ್ದು ಹೇಗೆ ಹೋಗುತ್ತಾರೆ ಎಂಬುದನ್ನು. ಕೇಳಿದಾಗ ಯೋಜನೆ ಸಿದ್ಧವಾಗಿಯೇ ಇತ್ತು. ಬಾಡಿಗೆ ಮನೆ ಖಾಲಿ ಮಾಡಿ ಮಕ್ಕಳನ್ನು ತೀರ್ಥಹಳ್ಳಿಗೆ ಬಿಡುವುದು. ಅನನ್ಯಾಳನ್ನು ಅಲ್ಲಿನ ಶಾಲೆಗೆ ಸೇರಿಸುವುದು. ಪ್ರಸನ್ನ ಶಿವಮೊಗ್ಗದಲ್ಲೊಂದು ಕೊಠಡಿ ಹಿಡಿದು ಶನಿವಾರ ಭಾನುವಾರ ಹೋಗಿಬರುವುದು. ಹೊರಡುವ ವಾರದಲ್ಲಿ ಬೇವಿನ ಸೊಪ್ಪು ಅರೆದು ಹಚ್ಚಿ ಹಾಲು ಬಿಡಿಸುವುದು. ಕೊನೆಯ ದಿನ ಚಿನ್ಮಯ ಮಲಗಿದ ಮೇಲೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುವುದು. ಬೆಳಿಗ್ಗೆ ಎದ್ದು ಕೇಳಿದರೆ ‘ಅಮ್ಮ ಕಾಲೇಜಿಗೆ ಹೋಗಿದ್ದಾಳೆ, ಸಂಜೆ ಬರುತ್ತಾಳೆ’ ಎನ್ನುವುದು. ನಾಲ್ಕು ದಿನ ಹಾಗೆ ಹೇಳಿದರೆ ತಾನಾಗಿ ಮರೆಯುತ್ತಾನೆ ಎಂಬ ಲೆಕ್ಕ.

ಪ್ರೀತಿಯಿಲ್ಲದವರು ಹಾಕಿದ ಲೆಕ್ಕವಲ್ಲ ಇದು. ನಮ್ಮ ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಇದನ್ನೇ ಹಾಕುತ್ತಾರೆ. ಆದರೆ ಒಟ್ಟಿಗೆ ಇಟ್ಟು ನೋಡಿದರೆ, ಒಂದೇ ವಾರದಲ್ಲಿ ಆ ಮಗುವಿನ ಕೈಯಿಂದ ಅಮ್ಮ, ಹಾಲು, ಅಪ್ಪ, ಮನೆ, ಹಾಸಿಗೆ ಎಲ್ಲವೂ ಜಾರಿಹೋಗುತ್ತಿದ್ದವು. ಜೊತೆಗೆ ಪ್ರತಿ ಸಂಜೆ ಒಂದು ಸುಳ್ಳು. ಕಣ್ಣು ತಪ್ಪಿಸಿ ಹೋದರೆ ಮಗುವಿಗೆ ಅಳು ತಪ್ಪುತ್ತದೆ ಎಂದು ನಾವು ನಂಬಿದ್ದೇವೆ. ತಪ್ಪುವುದು ಆ ಅಳುವನ್ನು ನೋಡುವ ದೊಡ್ಡವರ ಕಷ್ಟ ಮಾತ್ರ. ಮಗು ಕಲಿಯುವ ಪಾಠವೇ ಬೇರೆ: ನಿದ್ದೆ ಹೋದರೆ ಜನ ಕಾಣೆಯಾಗುತ್ತಾರೆ. ಹಾಗೆ ಕಲಿತ ಮಕ್ಕಳು ತಿಂಗಳುಗಟ್ಟಲೆ ನಿದ್ದೆಯ ಜೊತೆ ಕುಸ್ತಿ ಮಾಡುವುದನ್ನು ನೋಡಿದ್ದೇನೆ.

ಯೋಜನೆಯನ್ನು ತಿರುಗಿಸಿ ಹಾಕಿದೆವು. ಮಕ್ಕಳು ಅಜ್ಜಿಯ ಮನೆಗೆ ಹೋಗುವುದು ಬೇಡ, ಅಜ್ಜಿಯೇ ಮಕ್ಕಳ ಮನೆಗೆ ಬರಲಿ ಎಂದೆ. ಹೇಳುವುದು ಸುಲಭ. ನವೆಂಬರಿನಿಂದ ಅಡಿಕೆ ಕೊಯ್ಲು, ಸುಲಿಯುವವರಿಗೆ ಅಡುಗೆ, ಬೇಯಿಸುವುದು, ಒಣಗಿಸುವುದು. ಆ ಹೊತ್ತಿನಲ್ಲಿ ಮನೆಯೊಡತಿ ತೋಟ ಬಿಟ್ಟು ಪೇಟೆಯಲ್ಲಿ ಕೂರಲಾಗುವುದಿಲ್ಲ. ಆ ತಿಂಗಳುಗಳನ್ನು ವೀಣಾ ಅವರ ತಾಯಿ, ಮಕ್ಕಳ ಅಮ್ಮಮ್ಮ, ಸಾಗರದಿಂದ ಬಂದು ನೋಡಿಕೊಳ್ಳುವುದೆಂದಾಯಿತು. ಒಬ್ಬರು ಹೋಗಿ ಮರುದಿನ ಇನ್ನೊಬ್ಬರು ಬರುವುದಲ್ಲ, ಇಬ್ಬರೂ ಒಂದಷ್ಟು ದಿನ ಒಟ್ಟಿಗೆ ಇದ್ದು ಕೆಲಸ ಹಸ್ತಾಂತರಿಸಬೇಕು ಎಂದು ಹೇಳಿದೆ. ಬೀಗಿತ್ತಿಯರಿಬ್ಬರು ಒಂದು ಅಡುಗೆಮನೆಯಲ್ಲಿ ಹತ್ತು ದಿನ! ಪ್ರಸನ್ನ ಮುಖ ಹುಳ್ಳಗೆ ಮಾಡಿದರು. ಆದರೂ ಒಪ್ಪಿದರು.

ಅಜ್ಜಿಯಂದಿರು ಬದಲಾಗುತ್ತಾರೆಂದ ಮೇಲೆ ಬದಲಾಗದೆ ಉಳಿಯಬೇಕಾದವರು ಅಪ್ಪ. ಅಲ್ಲಿಯವರೆಗೆ ಪ್ರಸನ್ನ ಮಗನನ್ನು ಆಡಿಸಿದ್ದರು, ಹೊರಗೆ ಸುತ್ತಾಡಿಸಿದ್ದರು, ರಾತ್ರಿ ಮಲಗಿಸಿದವರಲ್ಲ. ಹೊರಡಲು ಎರಡು ತಿಂಗಳಿತ್ತು. ಮೊದಲ ವಾರದಿಂದಲೇ ರಾತ್ರಿಯ ಪಾಳಿ ಅಪ್ಪನದು ಎಂದು ಗೊತ್ತುಮಾಡಿದೆವು. ಹಾಲನ್ನು ಒಂದೊಂದೇ ಹೊತ್ತಿನದಾಗಿ ಬಿಡಿಸುವುದು. ಬೇವು ಬೇಡವೇ ಬೇಡ. ಎರಡು ವರ್ಷ ದಾಟಿದ ಮೇಲೂ ಎದೆಹಾಲು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವುದರಿಂದ ಇಷ್ಟು ದಿನ ಕೊಟ್ಟದ್ದಕ್ಕೆ ವೀಣಾ ನಾಚಿಕೊಳ್ಳಬೇಕಾಗಿರಲಿಲ್ಲ. ಬಿಡಿಸಿದ ನೋವು ಆರುವ ಹೊತ್ತಿಗೆ ಅಮ್ಮ ಇನ್ನೂ ಮನೆಯಲ್ಲೇ ಇರಬೇಕು ಎಂಬುದಷ್ಟೇ ನನ್ನ ಒತ್ತಾಯ. ಹಾಲು ಹೋಯಿತು, ಅಮ್ಮ ಇದ್ದಾಳೆ ಎಂಬುದನ್ನು ಮಗು ತಡೆದುಕೊಳ್ಳುತ್ತದೆ.

ಪ್ರಸನ್ನ ರಜೆಯ ಬಗ್ಗೆ ಕೇಳಿದರು. ಕೇಂದ್ರ ಸರ್ಕಾರದಲ್ಲಿ ಮಕ್ಕಳ ಆರೈಕೆ ರಜೆ ಸೇವಾವಧಿಯಲ್ಲಿ ಒಟ್ಟು 730 ದಿನ ಸಿಗುತ್ತದೆ, ಆದರೆ ಮಹಿಳೆಯರಿಗೆ ಮತ್ತು ಒಂಟಿ ತಂದೆಯರಿಗೆ ಮಾತ್ರ. ಅವಿವಾಹಿತ, ವಿಧುರ, ವಿಚ್ಛೇದಿತ, ಈ ಮೂವರಲ್ಲಿ ಒಬ್ಬರಾದರೆ ಒಂಟಿ ತಂದೆ. ಹೆಂಡತಿ ವರ್ಷಗಟ್ಟಲೆ ವಿದೇಶದಲ್ಲಿದ್ದು ಇಬ್ಬರು ಮಕ್ಕಳನ್ನು ಸಾಕುವವನು ಆ ಪಟ್ಟಿಯಲ್ಲಿಲ್ಲ. ಗಳಿಕೆ ರಜೆಯಲ್ಲೇ ಹೊಂದಿಸಿಕೊಳ್ಳಬೇಕಾಯಿತು. ತಂದೆಯೊಬ್ಬ ಹೀಗೂ ಇರಬಹುದು ಎಂಬುದು ನಿಯಮ ಬರೆದವರಿಗೆ ಹೊಳೆದಂತಿಲ್ಲ.

ಕಾಗದಪತ್ರದ ಕೆಲಸ ಹೆಚ್ಚಿರಲಿಲ್ಲ. ಶಾಲೆಗೆ ಅಮ್ಮನ ಹೊಸ ಸಂಖ್ಯೆ ಮತ್ತು ತುರ್ತಿಗೆ ಅಜ್ಜಿಯಂದಿರ ಸಂಖ್ಯೆ, ಮಕ್ಕಳ ಲಸಿಕೆ ದಾಖಲೆಯಿರುವ ತಾಯಿ ಕಾರ್ಡ್, ಆರೋಗ್ಯ ವಿಮೆಯ ಪ್ರತಿ, ಇವೆಲ್ಲ ಒಂದು ಫೈಲಿನಲ್ಲಿ. ಮಕ್ಕಳಿಗೂ ಈಗಲೇ ಪಾಸ್‌ಪೋರ್ಟ್ ಮಾಡಿಸಿಡಿ ಎಂದೆ; ತಂದೆ ತಾಯಿ ಇಬ್ಬರೂ ಊರಿನಲ್ಲಿರುವಾಗಲೇ ಸಹಿ ಹಾಕಿಸಿದರೆ ತಾಪತ್ರಯ ಕಡಿಮೆ.

ಚಿನ್ಮಯನಿಗೆ ಏನೆಂದು ಹೇಳುವುದು? ಎರಡು ವರ್ಷದ ಮಗುವಿಗೆ ಸೆಪ್ಟೆಂಬರ್ ಗೊತ್ತಿಲ್ಲ, ಇಂಗ್ಲೆಂಡ್ ಗೊತ್ತಿಲ್ಲ, ವರ್ಷವಂತೂ ಗೊತ್ತೇ ಇಲ್ಲ. ಆದ್ದರಿಂದ ನಾಲ್ಕೇ ವಾಕ್ಯ: “ಅಮ್ಮ ವಿಮಾನದಲ್ಲಿ ಓದಲು ಹೋಗುತ್ತಾಳೆ. ತುಂಬಾ ದಿನ ಬರುವುದಿಲ್ಲ. ಅಪ್ಪ, ಅಕ್ಕ, ಅಜ್ಜಿ ನಿನ್ನ ಜೊತೆ ಇಲ್ಲೇ ಇರುತ್ತಾರೆ. ಓದು ಮುಗಿದ ಮೇಲೆ ಅಮ್ಮ ಬರುತ್ತಾಳೆ.” ಹೊರಡುವ ವಾರವಿಡೀ ಇದನ್ನೇ, ಇದೇ ಮಾತಿನಲ್ಲಿ ಹೇಳುವುದು. ಹೊರಡುವುದು ಹಗಲಿನಲ್ಲಿ, ಅವನ ಕಣ್ಣೆದುರಿಗೆ. “ರಂಪ ಮಾಡುತ್ತಾನೆ” ಎಂದರು ಅಜ್ಜಿ. ಮಾಡಲಿ, ಎತ್ತಿಕೊಳ್ಳಲು ಅಪ್ಪ ಅಲ್ಲೇ ಇರುತ್ತಾರಲ್ಲ ಎಂದೆ. ಮಾಡಿದ. ಕಾರು ತಿರುವು ದಾಟಿದ ಮೇಲೂ ಗೇಟು ಹಿಡಿದು ಅತ್ತನಂತೆ. ಪ್ರಸನ್ನ ‘ಚಾಕೊಲೇಟ್ ಕೊಡಿಸುತ್ತೇನೆ’ ಎನ್ನದೆ, ‘ಅಮ್ಮ ಬೇಕು ನಿನಗೆ, ಗೊತ್ತು’ ಎಂದಷ್ಟೇ ಹೇಳುತ್ತ ಹೆಗಲ ಮೇಲೆ ಹಾಕಿಕೊಂಡು ಓಡಾಡಿದರು.

ವೀಣಾ ಮನೆಯಲ್ಲಿ ಉಡುತ್ತಿದ್ದ ಎರಡು ಹಳೆಯ ದುಪಟ್ಟಾಗಳನ್ನು ಒಗೆಯದೆ ಬಿಟ್ಟು ಹೋಗಬೇಕೆಂದು ಹೇಳಿದ್ದೆ. ಒಂದು ಚಿನ್ಮಯನ ಹಾಸಿಗೆಗೆ, ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿಗೆ. ಎರಡು ಯಾಕೆ ಎಂದು ಅವರು ಕೇಳಿದ್ದರು. ಯಾಕೆಂಬುದು ಎರಡನೆಯ ವಾರವೇ ತಿಳಿಯಿತು. ಅಜ್ಜಿ ಮಡಿವಂತರು, ಜೊಲ್ಲು, ಬೆವರು ಹಿಡಿದ ಬಟ್ಟೆಯನ್ನು ಕಂಡು ಸುಮ್ಮನಿರಲಾಗದೆ ಸೋಪು ಹಾಕಿ ಒಗೆದು ಬಿಸಿಲಿಗೆ ಹರವಿದರು. ರಾತ್ರಿ ಹುಡುಗ ಅದನ್ನು ಮೂಸಿ ನೋಡಿ ಎಸೆದು ಕಿರುಚಿದ. ಕಪಾಟಿನ ಚೀಲ ಬಿಚ್ಚಬೇಕಾಯಿತು.

ಇನ್ನು ಫೋನು. ಶಿವಮೊಗ್ಗದ ರಾತ್ರಿ ಎಂಟೂವರೆ ಎಂದರೆ ಅಲ್ಲಿ ಸಂಜೆ ನಾಲ್ಕು. ತರಗತಿ ಮುಗಿಸಿ ವೀಣಾ ಆ ಹೊತ್ತಿಗೆ ವಿಡಿಯೊ ಕರೆ ಮಾಡುತ್ತಿದ್ದರು. ಮಗ ನಿದ್ದೆಗಣ್ಣಿನಲ್ಲಿ ಅಮ್ಮನನ್ನು ಕಂಡು ಅಳುವುದು, ಅಮ್ಮ ಅಲ್ಲಿ ಅಳುವುದು, ಅಜ್ಜಿ ‘ಅಮ್ಮನಿಗೆ ಮುತ್ತು ಕೊಡು, ಟಾಟಾ ಮಾಡು’ ಎಂದು ಫೋನನ್ನು ಅವನ ಮುಖಕ್ಕೆ ಹಿಡಿಯುವುದು. ಅಕ್ಟೋಬರಿನ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮ ಎಂಟೂವರೆ ಅವರ ಮೂರು ಗಂಟೆಯಾಗಿ ತರಗತಿಯ ನಡುವೆ ಬಿತ್ತು. ಅದೇ ನೆಪವಾಗಿ ಕರೆಯನ್ನು ನಮ್ಮ ಸಂಜೆ ಏಳಕ್ಕೆ, ಅವರ ಮಧ್ಯಾಹ್ನದ ಊಟದ ಬಿಡುವಿಗೆ ಬದಲಾಯಿಸಿದೆವು. ಹೊಟ್ಟೆ ತುಂಬಿ ಆಟದ ಹುಮ್ಮಸ್ಸಿನಲ್ಲಿರುವ ಹೊತ್ತು. ಮಾತಾಡಿಸುವುದು ಬೇಡ ಎಂದೆ. ಎರಡು ವರ್ಷದವನ ಹತ್ತಿರ ‘ಊಟ ಆಯಿತಾ ಪುಟ್ಟಾ’ ಎಂದರೆ ಎಷ್ಟು ಹೊತ್ತು ನಡೆದೀತು? ಫೋನನ್ನು ಷೋಕೇಸಿನ ಮೇಲೆ ಒರಗಿಸಿಟ್ಟು, ವೀಣಾ ಅಲ್ಲಿ ತಮ್ಮ ಊಟ ಮಾಡಲಿ, ಕಿತ್ತಳೆ ಸುಲಿಯಲಿ, ಮನೆಯಲ್ಲಿರುವ ಅದೇ ಚಿತ್ರಪುಸ್ತಕದ ಇನ್ನೊಂದು ಪ್ರತಿಯನ್ನು ಓದಲಿ. ಅವನು ಓಡಿಹೋದರೆ ಹೋಗಲಿ, ಹಿಂದಿನಿಂದ ಫೋನು ಹಿಡಿದು ಯಾರೂ ಓಡುವುದು ಬೇಡ. ಅಮ್ಮ ಆ ಮೂಲೆಯಲ್ಲಿ ಇಷ್ಟು ಹೊತ್ತು ಇರುತ್ತಾಳೆ ಎಂಬುದು ಅವನಿಗೆ ರೂಢಿಯಾಗಬೇಕು.

ಒಂದು ಮಾತನ್ನು ಮನೆಯಲ್ಲಿ ಯಾರೂ ಆಡಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದೆ: ‘ಊಟ ಮಾಡದಿದ್ದರೆ ಅಮ್ಮ ಬರುವುದಿಲ್ಲ ನೋಡು.’ ಅಕ್ಕರೆಯ ಬಾಯಿಂದಲೇ ಬರುವ ಮಾತು. ಅದನ್ನು ಕೇಳಿದ ಮಗು, ಅಮ್ಮ ಬಾರದಿರುವುದು ತಾನು ಬಿಟ್ಟ ತುತ್ತಿನಿಂದ ಎಂದು ತಿಳಿಯುತ್ತದೆ.

ನವೆಂಬರಿನಲ್ಲಿ ಪ್ರಸನ್ನ ಫೋನು ಮಾಡಿದರು. ದನಿ ಹಗುರವಾಗಿತ್ತು. “ಚಿನ್ಮಯ ಹೊಂದಿಕೊಂಡುಬಿಟ್ಟ. ಈಗ ಅಮ್ಮನನ್ನು ಕೇಳುವುದೇ ಇಲ್ಲ, ಮೇಡಂ.” ಇಂಥ ಮನೆಗಳಿಂದ ಬರುವ ಸುದ್ದಿಗಳಲ್ಲಿ ನನಗೆ ತೀರಾ ಹಿಡಿಸದ ಸುದ್ದಿ ಇದು. ಕೆಲವು ಪ್ರಶ್ನೆ ಕೇಳಿದೆ. ಸಂಜೆ ಕರೆ ಬಂದಾಗ ಏನು ಮಾಡುತ್ತಾನೆ? ಫೋನನ್ನು ಬೋರಲು ಹಾಕಿ ದಿಂಬಿನಡಿ ತುರುಕುತ್ತಾನೆ. ಮನೆಗೆ ಬಂದವರ ಹತ್ತಿರ? ಯಾರು ಕರೆದರೂ ಹೋಗುತ್ತಾನೆ, ಗ್ಯಾಸ್ ಸಿಲಿಂಡರ್ ತಂದವನ ಕೈಯನ್ನೂ ಹಿಡಿದುಕೊಂಡ. ಬಿದ್ದರೆ? “ಅಳುವುದಿಲ್ಲ, ಎದ್ದು ಓಡುತ್ತಾನೆ. ಗಟ್ಟಿಗ.”

ಮಕ್ಕಳ ಈ ಮೌನವನ್ನು ಮೊದಲು ಸರಿಯಾಗಿ ಓದಿದ್ದು ವೀಣಾ ಹೋದ ದೇಶದಲ್ಲೇ. ಆಗಿನ ಬ್ರಿಟಿಷ್ ಆಸ್ಪತ್ರೆಗಳಲ್ಲಿ ಮಗುವನ್ನು ದಾಖಲು ಮಾಡಿದ ಮೇಲೆ ತಾಯಿಗೆ ಪ್ರವೇಶ ಬಹಳ ಕಡಿಮೆ. ವಾರಕ್ಕೊಮ್ಮೆ ಮಾತ್ರ ಬಿಡುತ್ತಿದ್ದ ಕಡೆಗಳೂ ಇದ್ದವು. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತ 1948ರಲ್ಲಿ ಲಂಡನ್ನಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿಯವರ ಜೊತೆ ಸೇರಿ, ವಾರ್ಡುಗಳಲ್ಲಿ ಕುಳಿತು ಪುಟ್ಟ ಮಕ್ಕಳನ್ನು ಗಮನಿಸಿದರು. ಮೊದಲು ಅತ್ತು ಕೂಗಿ ಪ್ರತಿಭಟಿಸುತ್ತವೆ. ಆಮೇಲೆ ಹತಾಶೆಯಿಂದ ಮುದುಡುತ್ತವೆ. ಕೊನೆಗೆ ನಗುತ್ತವೆ, ಉಣ್ಣುತ್ತವೆ, ಎಲ್ಲರ ಹತ್ತಿರ ಹೋಗುತ್ತವೆ, ತಾಯಿ ಬಂದರೆ ಮಾತ್ರ ಮುಖ ತಿರುಗಿಸುತ್ತವೆ. ದಾದಿಯರು ಈ ಮೂರನೆಯ ಹಂತವನ್ನು ‘ಹೊಂದಿಕೊಂಡಿತು’ ಎನ್ನುತ್ತಿದ್ದರು. ತಾಯಿ ಬಂದುಹೋದರೆ ಮಗು ಅಳುತ್ತದೆ, ಆದ್ದರಿಂದ ಬಾರದಿರುವುದೇ ಮೇಲು ಎಂಬ ವಾದವೂ ಇತ್ತು. ಅದು ಹೊಂದಿಕೆಯಲ್ಲ, ಆಸೆ ಬಿಟ್ಟದ್ದು ಎಂದು ರಾಬರ್ಟ್‌ಸನ್ ಹೇಳಿದರು. ವೈದ್ಯರು ಸುಲಭಕ್ಕೆ ಒಪ್ಪಲಿಲ್ಲ. 1959ರಲ್ಲಿ ಪ್ಲಾಟ್ ಸಮಿತಿಯ ವರದಿ ಬಂದು, ಮಕ್ಕಳ ವಾರ್ಡುಗಳಿಗೆ ತಂದೆ ತಾಯಿಯ ಭೇಟಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು.

ಚಿನ್ಮಯನ ಸ್ಥಿತಿ ಆ ಮಕ್ಕಳಷ್ಟು ಕೆಟ್ಟದ್ದಾಗಿರಲಿಲ್ಲ. ರಾಬರ್ಟ್‌ಸನ್ ಮತ್ತು ಅವರ ಪತ್ನಿ ಜಾಯ್ಸ್ 1960ರ ದಶಕದಲ್ಲಿ, ತಾಯಂದಿರು ಆಸ್ಪತ್ರೆಗೆ ಸೇರಿದ ಪುಟ್ಟ ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿದ್ದರು. ಒಬ್ಬರೇ ವ್ಯಕ್ತಿ ಮನಸಿಟ್ಟು ನೋಡಿಕೊಂಡಾಗ, ಅಮ್ಮನ ಮಾತು ಮನೆಯಲ್ಲಿ ನಡೆಯುತ್ತಿರುವಾಗ ಆ ಮಕ್ಕಳು ಎಷ್ಟೋ ಚೆನ್ನಾಗಿ ತಡೆದುಕೊಂಡರು. ಚಿನ್ಮಯನಿಗೆ ಅಪ್ಪ ಇದ್ದರು. ಇಲ್ಲದ್ದು ಎರಡನೆಯದು. ವಿಚಾರಿಸಿದಾಗ ಗೊತ್ತಾಯಿತು: ಹುಡುಗ ಅಳುತ್ತಾನೆಂದು ಮನೆಯವರು ‘ಅಮ್ಮ’ ಎಂಬ ಮಾತನ್ನೇ ನಿಲ್ಲಿಸಿದ್ದರು. ನಡುಮನೆಯ ಗೋಡೆಯ ಮೇಲಿದ್ದ ಅಮ್ಮನ ಫೋಟೊ ತೆಗೆದು ಬೀರುವಿನಲ್ಲಿ ಇಟ್ಟಿದ್ದರು. ಅನನ್ಯಾ ಅಮ್ಮನ ಹೆಸರೆತ್ತಿದರೆ ಕಣ್ಸನ್ನೆಯಲ್ಲೇ ಸುಮ್ಮನಾಗಿಸುತ್ತಿದ್ದರು.

ಫೋಟೊ ಮತ್ತೆ ಹೊರಗೆ ಬರಲಿ ಎಂದೆ. ಗೋಡೆಯ ಮೇಲೆ ಬೇಡ, ಫ್ರಿಜ್ಜಿನ ಕೆಳಗಿನ ಬಾಗಿಲಿಗೆ, ಅವನ ಕಣ್ಣಿನ ಎತ್ತರಕ್ಕೆ ಅಂಟಿಸಿ. ದಿನದಲ್ಲಿ ನಾಲ್ಕೈದು ಸಲ ಸಹಜವಾಗಿ ಅಮ್ಮನ ಹೆಸರು ಬರಲಿ: ಈ ಅಂಗಿ ಅಮ್ಮ ತಂದದ್ದು, ಅಮ್ಮನಿಗೂ ಹಾಗಲಕಾಯಿ ಸೇರುವುದಿಲ್ಲ. ಬಿದ್ದು ಎದ್ದು ಓಡಿದರೂ ಕರೆದು, ‘ನೋವಾಯಿತಾ?’ ಎಂದು ಕೇಳಿ, ಮೊಣಕಾಲು ಸವರಿ. ಮುಂದಿನ ಎರಡು ವಾರ ಮನೆಯಲ್ಲಿ ಗೋಳೋ ಗೋಳು. ರಾತ್ರಿ ಎದ್ದು ಅಮ್ಮ ಅಮ್ಮ ಎಂದು ಅತ್ತ, ಫ್ರಿಜ್ಜಿನ ಫೋಟೊಗೆ ಹೊಡೆದ, ಅಪ್ಪನನ್ನು ಕಚ್ಚಿದ. ಆಗ ಮನೆಯಲ್ಲಿದ್ದ ಅಮ್ಮಮ್ಮ ನನಗೇ ಫೋನು ಮಾಡಿ ತರಾಟೆಗೆ ತೆಗೆದುಕೊಂಡರು: “ಚೆನ್ನಾಗಿದ್ದ ಮಗುವನ್ನು ಅಳಿಸಿ ಏನು ಸಾಧಿಸಿದಿರಿ?” ಅವರ ಸಿಟ್ಟು ನ್ಯಾಯವಾದದ್ದೇ. ಆ ಅಳು ಮೊದಲೇ ಅವನ ಒಳಗಿತ್ತು, ಈಗ ನಿಮ್ಮ ಹತ್ತಿರ ಬಂದು ಅಳುತ್ತಿದ್ದಾನೆ ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಮೂರನೆಯ ವಾರ ಅವನು ಸಂಜೆಯ ಕರೆಗೆ ತಾನಾಗಿ ಬಂದು ಕುಳಿತು, ಕಿತ್ತಳೆಯ ತೊಳೆಯೊಂದನ್ನು ಫೋನಿನ ಪರದೆಗೆ ಒತ್ತಿದನಂತೆ. ಪರದೆಯೆಲ್ಲ ಅಂಟು ಅಂಟು ಎಂದು ಅಮ್ಮಮ್ಮನೇ ವರದಿ ಮಾಡಿದರು.

ಇಷ್ಟರಲ್ಲಿ ಎಲ್ಲರ ಗಮನ ಚಿಕ್ಕವನ ಮೇಲಿದ್ದುದರಿಂದ ಅನನ್ಯಾಳ ಹೊಟ್ಟೆನೋವು ತಡವಾಗಿ ಲೆಕ್ಕಕ್ಕೆ ಬಂತು. ಶಾಲೆ ಇರುವ ದಿನ ಬೆಳಿಗ್ಗೆ ನೋವು, ಭಾನುವಾರ ಇಲ್ಲ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ ಎಂದೆ; ಮನಸ್ಸಿನದು ಎಂದುಕೊಂಡು ಹೊಟ್ಟೆಯನ್ನು ಮರೆಯಬಾರದು. ಅಲ್ಲೇನೂ ಕಾಣಲಿಲ್ಲ. ಕೇಳಿದರೆ ‘ಏನಿಲ್ಲ’ ಎನ್ನುವ ಹುಡುಗಿ. ಅವಳ ಶಾಲೆಯಲ್ಲಿ ರಿಬ್ಬನ್ ಕಟ್ಟಿದ ಎರಡು ಜಡೆ ಕಡ್ಡಾಯ. ಅಜ್ಜಿ ಹಾಕಿದರೆ ಬಿಗಿ, ಅಮ್ಮಮ್ಮ ಹಾಕಿದರೆ ಸಡಿಲ ಎಂದು ದಿನಾ ರಗಳೆಯಾಗಿ ಕೊನೆಗೆ ಆ ಕೆಲಸ ಪ್ರಸನ್ನ ಅವರ ಕೈಗೆ ಬಂದಿತ್ತು. ಮೂರು ಎಳೆ ಮಾಡಿ, ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು, ಬೈತಲೆ ಸೊಟ್ಟಗಾಗಿ ಮತ್ತೆ ಬಿಚ್ಚಿ ಮೊದಲಿನಿಂದ ಹಾಕುತ್ತಿದ್ದ ಒಂದು ಬೆಳಿಗ್ಗೆ, ಅವರಿಗೆ ಬೆನ್ನು ಮಾಡಿ ಕುಳಿತಿದ್ದ ಮಗಳು ಹೇಳಿದಳು: “ಅಪ್ಪಾ, ಅಮ್ಮ ಕಾಪಿ ಬರೆಸುವಾಗ ನಾನು ‘ನೀನು ಹೋಗು’ ಅಂದಿದ್ದೆ. ಅದಕ್ಕೇ ಹೋದಳು.”

ಆರು ವರ್ಷದವರ ತರ್ಕ ಹೀಗೇ ನಡೆಯುತ್ತದೆ. ತಾನು ಅಂದದ್ದೇ ಆಯಿತು ಎಂದು ನಂಬುವ ವಯಸ್ಸು. ‘ಛೆ, ಹಾಗೇನಿಲ್ಲ ಬಿಡು’ ಎಂದು ತಳ್ಳಿಹಾಕಿದರೆ ಆ ನಂಬಿಕೆ ಒಳಗೇ ಉಳಿಯುತ್ತದೆ. ಪ್ರಸನ್ನ ಜಡೆ ಮುಗಿಸುವವರೆಗೂ ಮಾತಾಡಲಿಲ್ಲವಂತೆ, ಅದು ಒಳ್ಳೆಯದೇ ಆಯಿತು. ನಾನು ಹೇಳಿದ್ದು ಇಷ್ಟು: ಅಮ್ಮ ಅರ್ಜಿ ಹಾಕಿದ್ದು ಯಾವಾಗ, ಪತ್ರ ಬಂದದ್ದು ಯಾವಾಗ, ಟಿಕೆಟ್ ತೆಗೆದದ್ದು ಯಾವಾಗ ಎಂದು ಹಳೆಯ ಕ್ಯಾಲೆಂಡರ್ ತೆಗೆದು ತೋರಿಸಿ, ಕಾಪಿಯ ಜಗಳ ಇವೆಲ್ಲ ಆದ ಮೇಲೆ ನಡೆದದ್ದು ಎಂದು ಅವಳೇ ಕಂಡುಕೊಳ್ಳಲಿ. ವೀಣಾ ಕೂಡ ಅವಳೊಬ್ಬಳೊಂದಿಗೆ ಮಾತಾಡಿದರು. ಹೊಟ್ಟೆನೋವು ಪೂರ್ತಿ ಹೋಗಲಿಲ್ಲ, ಪರೀಕ್ಷೆಯ ದಿನಗಳಲ್ಲಿ ಈಗಲೂ ಬರುತ್ತದೆ. ಆದರೆ ಶಾಲೆ ತಪ್ಪಿಸುವಷ್ಟು ಇಲ್ಲ. ಅಂದಹಾಗೆ, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ‘ಮನಸಿನಲ್ಲೇನಿದೆ ಹೇಳು’ ಎನ್ನುವ ಬದಲು ಜಡೆ ಹಾಕುವಾಗ, ಸ್ಕೂಟರಿನ ಹಿಂದೆ ಕೂರಿಸಿಕೊಂಡಾಗ, ಬಟಾಣಿ ಬಿಡಿಸುವಾಗ ಕಿವಿ ತೆರೆದಿಟ್ಟುಕೊಳ್ಳಿ. ಮುಖ ನೋಡಬೇಕಿಲ್ಲದಿದ್ದರೆ ಅವರಿಗೆ ಹೇಳುವುದು ಸಲೀಸು.

ಡಿಸೆಂಬರಿನ ಕ್ರಿಸ್‌ಮಸ್ ರಜೆಗೆ ವೀಣಾ ಬರಬೇಕೇ ಬೇಡವೇ ಎಂಬುದು ದೊಡ್ಡ ಚರ್ಚೆಯಾಯಿತು. ಟಿಕೆಟ್ ದುಬಾರಿ. ಅದಕ್ಕಿಂತ, “ಈಗಷ್ಟೇ ದಾರಿಗೆ ಬಂದಿದ್ದಾನೆ, ಬಂದು ಮತ್ತೆ ಹೋದರೆ ಗಾಯ ಕೆದಕಿದಂತೆ” ಎಂಬುದು ಅಮ್ಮಮ್ಮನ ವಾದ. ಹಳೆಯ ವಾರ್ಡುಗಳ ದಾದಿಯರ ವಾದವೂ ಇದೇ ಆಗಿತ್ತು. ಸಾಲ ಮಾಡಿಯಾದರೂ ಬನ್ನಿ ಎಂದೆ. ಅಮ್ಮ ಹೋಗುತ್ತಾಳೆ, ಬರುತ್ತಾಳೆ ಎಂಬುದನ್ನು ಎರಡು ವರ್ಷದ ಮಗು ಮಾತಿನಿಂದ ನಂಬುವುದಿಲ್ಲ, ಒಮ್ಮೆ ನೋಡಿದರೆ ನಂಬುತ್ತದೆ. ಬಂದರು. ಸಂಕ್ರಾಂತಿಗೆ ಮೊದಲೇ ಹೊರಡಬೇಕಾದದ್ದಕ್ಕೆ ಅನನ್ಯಾ ಸಿಟ್ಟಾದಳು. ಅಮ್ಮನ ಜೊತೆ ಎಳ್ಳು ಬೀರಲು ಹೊಸ ಲಂಗ ಹೊಲಿಸಿಟ್ಟುಕೊಂಡಿದ್ದಳು. ಚಿನ್ಮಯ ಈ ಸಲವೂ ಗೇಟು ಹಿಡಿದು ಅತ್ತ, ಆದರೆ ಬೇಗ ಸಮಾಧಾನವಾಯಿತು. ಅಪ್ಪನ ಹೆಗಲ ಮೇಲಿಂದ ‘ಅಮ್ಮ ಓದಿ ಬತ್ತಾಳೆ’ ಎಂದು ತಾನೇ ಹೇಳಿಕೊಂಡನಂತೆ.

ಈ ಒಂದು ವರ್ಷದಲ್ಲಿ ಸೊರಗಿದವರು ಪ್ರಸನ್ನ. ಮಾರ್ಚಿನ ಹೊತ್ತಿಗೆ ನಿದ್ದೆಯಿಲ್ಲ, ಕಚೇರಿಯಲ್ಲಿ ಕಿರಿಕಿರಿ, ಮಾತು ಕಡಿಮೆ. ತಾಯಿ ಹೋದರೆ ಮಕ್ಕಳ ಬಗ್ಗೆ ಊರಿಗೆಲ್ಲ ಚಿಂತೆ. ನೋಡಿಕೊಳ್ಳುವ ಅಪ್ಪನನ್ನು ‘ನೀವು ಹೇಗಿದ್ದೀರಿ’ ಎಂದು ಕೇಳುವವರಿಲ್ಲ. ವಾರಕ್ಕೆ ಒಂದು ಸಂಜೆ ಮನೆಯಿಂದ ಹೊರಗೆ, ಗೆಳೆಯರ ಜೊತೆ ಷಟಲ್ ಆಡಲು ಹೋಗುವುದೆಂದು ಗೊತ್ತುಮಾಡಿದೆವು. ಮಧ್ಯರಾತ್ರಿ ತೀರಾ ಕುಗ್ಗಿದಾಗ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಕೊಟ್ಟಿದ್ದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಜೂನಿನಲ್ಲಿ ಹೊಸ ಪ್ರಶ್ನೆ ಬಂತು. ಆಗಿನ ನಿಯಮದಂತೆ ಪದವಿ ಮುಗಿದ ಮೇಲೆ ಇನ್ನೆರಡು ವರ್ಷ ಅಲ್ಲೇ ಇದ್ದು ಕೆಲಸ ಮಾಡಲು ವೀಸಾ ಸಿಗುತ್ತಿತ್ತು. ಸಾಲ ಬೇಗ ತೀರುತ್ತದೆ. ಇರಲೇ? ಮೊದಲ ದಿನ ತೀರ್ಪು ಕೊಡುವುದಿಲ್ಲ ಎಂದಿದ್ದ ನಾನು ಈ ಸಲ ಖಂಡಿತವಾಗಿ ಹೇಳಿದೆ: ಬೇಡ. ಆ ವೀಸಾದಲ್ಲಿ ಇರುವಾಗ ಹೊಸದಾಗಿ ಅವಲಂಬಿತರನ್ನು ಕರೆಸಿಕೊಳ್ಳಲಾಗುವುದಿಲ್ಲ; ವಿದ್ಯಾರ್ಥಿಯಾಗಿದ್ದಾಗಲೇ ಜೊತೆಗಿದ್ದವರಿಗೆ ಮಾತ್ರ ಅವಕಾಶ. ಎಂದರೆ ಒಂದು ವರ್ಷ ಮೂರಾಗುತ್ತದೆ. ಮಕ್ಕಳಿಗೆ ‘ಓದು ಮುಗಿದ ಮೇಲೆ’ ಎಂದು ಮಾತು ಕೊಟ್ಟಾಗಿದೆ, ದೊಡ್ಡವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾಳೆ. ಸಾಲದ ಕಂತು ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷದವರೆಗೆ ಶುರುವಾಗುವುದಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿ ಉಸಿರಾಡಲು ಸಮಯ ತೆಗೆದುಕೊಳ್ಳಿ. ಮುಂದೆ ಹೋಗುವುದಾದರೆ ಕುಟುಂಬವನ್ನು ಕರೆದೊಯ್ಯಬಹುದಾದ ಉದ್ಯೋಗ ವೀಸಾ ಸಿಕ್ಕಾಗ ನಾಲ್ವರೂ ಹೋಗಿ. ವೀಣಾ ಅವರಿಗೆ ಬೇಸರವಾಯಿತು, ಎರಡು ವಾರ ನನಗೆ ಉತ್ತರ ಬರೆಯಲಿಲ್ಲ. ಆಮೇಲೆ ವಾಪಸಾಗುವ ಟಿಕೆಟ್ಟಿನ ಚಿತ್ರ ಕಳುಹಿಸಿದರು.

ಬಂದ ಮೇಲಿನದು ಹೋಗುವಾಗಿನದಕ್ಕಿಂತ ಕಷ್ಟ ಎಂದು ಮೊದಲೇ ಎಚ್ಚರಿಸಿದ್ದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅನನ್ಯಾ ಓಡಿಬಂದು ತಬ್ಬಿಕೊಂಡಳು. ಚಿನ್ಮಯ ಅಜ್ಜಿಯ ಸೆರಗಿನ ಹಿಂದೆ ಅಡಗಿದ. ಮೂರು ವರ್ಷ ದಾಟಿದ ಅವನಿಗೆ ಆ ಹೊತ್ತಿಗೆ ಅಜ್ಜಿಯೇ ಸರ್ವಸ್ವ. ವೀಣಾ ಎತ್ತಿಕೊಳ್ಳಹೋದರೆ ಕೊಡವಿಕೊಂಡ. ಅಜ್ಜಿಯ ಲೆಕ್ಕದಲ್ಲಿ ತಮ್ಮ ಕೆಲಸ ಮುಗಿದಿತ್ತು. ಮೂರನೆಯ ದಿನ ತೀರ್ಥಹಳ್ಳಿ ಬಸ್ಸು ಹಿಡಿಯುವವರಿದ್ದರು. ದಯವಿಟ್ಟು ಬೇಡ ಎಂದು ಕೇಳಿಕೊಂಡೆ. ಅಮ್ಮ ಬಂದಳೆಂದು ಅಜ್ಜಿ ಹೊರಟರೆ ಮಗುವಿನ ಲೆಕ್ಕದಲ್ಲಿ ಇನ್ನೊಬ್ಬ ಅಮ್ಮ ಹೋದಂತೆ, ಅದಕ್ಕೆ ಕಾರಣ ಈಗ ಬಂದವಳು. ದೀಪಾವಳಿವರೆಗೆ ನಿಂತರು. ಇಷ್ಟು ದಿನ ತೋಟದ ಮನೆಯಲ್ಲಿ ಅಜ್ಜ ಒಬ್ಬರೇ ಕುಕ್ಕರ್ ಕೂಗಿಸಿಕೊಂಡದ್ದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ರಾತ್ರಿ ಮಲಗಿಸುವುದು ಅಪ್ಪನದೇ ಇರಲಿ, ವೀಣಾ ಮೊದಲು ಸ್ನಾನ ಮಾಡಿಸುವುದರಿಂದ ಆರಂಭಿಸಲಿ ಎಂದೆ. ನೀರಾಟದಲ್ಲಿ ಅವನು ಬಿಗಿ ಬಿಡುತ್ತಿದ್ದ. ಕೆಲವೇ ದಿನಗಳಲ್ಲಿ ಹೊಡೆಯಲು ಶುರು ಮಾಡಿದ. ಹೊಡೆದದ್ದು ಅಮ್ಮನನ್ನು ಮಾತ್ರ. ‘ನನ್ನ ಮೇಲೆ ದ್ವೇಷ’ ಎಂದು ವೀಣಾ ಅತ್ತರು. ಬೇಡದವರನ್ನು ಮಗು ಹೊಡೆಯುವುದಿಲ್ಲ, ಕೈ ಹಿಡಿದು ‘ಸಿಟ್ಟು ಬಂದಿದೆ, ಅಮ್ಮ ಹೋಗಿದ್ದಳು’ ಎನ್ನಿ, ಹೊಡೆತವನ್ನು ತಡೆಯಿರಿ, ಸಿಟ್ಟನ್ನು ತಡೆಯಬೇಡಿ ಎಂದೆ. ಅದಾದ ಮೇಲೆ ಅಂಟಿಕೊಳ್ಳುವ ಸರದಿ. ಸ್ನಾನದ ಮನೆಯ ಬಾಗಿಲ ಹೊರಗೆ ಕುಳಿತು ‘ಇದ್ದೀಯಾ?’ ಎಂದು ಕೇಳುವುದು, ತರಕಾರಿಗೆ ಹೊರಟರೂ ಚಪ್ಪಲಿ ಬಚ್ಚಿಡುವುದು. ತರಕಾರಿಗೆ ಹೋಗುವಾಗಲೂ ಹೇಳಿಯೇ ಹೋಗಬೇಕು, ಎಷ್ಟು ಹೊತ್ತಾದರೂ ಚಪ್ಪಲಿ ಹುಡುಕಿಕೊಂಡೇ ಹೋಗಬೇಕು ಎಂಬುದು ಅಲ್ಲಿ ನಾನು ಕೊಟ್ಟ ಸಲಹೆ.

ಈಗ ವೀಣಾ ಅವರಿಗೆ ಬೆಂಗಳೂರಿನ ಸಂಸ್ಥೆಯೊಂದರಿಂದ ಕರೆ ಬಂದಿದೆ. ಸೋಮವಾರದಿಂದ ಶುಕ್ರವಾರ ಅಲ್ಲಿ, ವಾರದ ಕೊನೆಗೆ ಮನೆಯಲ್ಲಿ. ಮುಂದಿನ ಭೇಟಿಗೆ ಅದೇ ವಿಷಯ. ಚಿನ್ಮಯ ಮಧ್ಯರಾತ್ರಿ ಎದ್ದು ಅಮ್ಮನ ಹಾಸಿಗೆ ತಡವಿ ನೋಡುವುದು ಇನ್ನೂ ನಿಂತಿಲ್ಲವಾದ್ದರಿಂದ, ಸೇರುವ ದಿನಾಂಕವನ್ನು ಮೂರು ತಿಂಗಳು ಮುಂದಕ್ಕೆ ಹಾಕಿಸಲು ಆಗುತ್ತದೆಯೇ ಎಂದು ವಿಚಾರಿಸಿಕೊಂಡು ಬರಲು ಹೇಳಿದ್ದೇನೆ. ಅಜ್ಜಿಯೂ ಬರುತ್ತಾರಂತೆ.